ಭೂತಕಾಲ: ಮುಗಿದ ಕ್ರಿಯೆ, ರೂಢಿಯ ಕ್ರಿಯೆ

ಹಿಂದೆ ನಡೆದುದನ್ನು ಹೇಳಲು ಕನ್ನಡದಲ್ಲಿ ಮುಖ್ಯವಾಗಿ ಎರಡು ದಾರಿ. ‘ಮಾಲೂರು ಸಂತೆಗೆ ಬಂದ’ ಎಂದರೆ ಕ್ರಿಯೆ ಮುಗಿಯಿತು. ‘ಬರುತ್ತಿದ್ದ’ ಎಂದರೆ ಅದು ರೂಢಿ, ಇಲ್ಲವೇ ಆಗಿನ್ನೂ ದಾರಿಯಲ್ಲಿದ್ದ. ಯಾವುದೆಂದು ಸಂದರ್ಭವೇ ತಿಳಿಸಬೇಕು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕನ್ನಡದ ಜೊತೆಗೇ ಆಡುವ ತೆಲುಗು ಇಲ್ಲಿ ಹೆಚ್ಚು ಖಚಿತ: ಶಿಷ್ಟ ತೆಲುಗಿನ ‘ವಚ್ಚಾಡು’ ಎಂದರೆ ಬಂದ, ‘ವಚ್ಚೇವಾಡು’ ಎಂದರೆ ರೂಢಿಯಾಗಿ ಬರುತ್ತಿದ್ದ. ಸ್ಪ್ಯಾನಿಷ್‌ನ ಎರಡು ಸರಳ ಭೂತರೂಪಗಳು ಕನ್ನಡಕ್ಕೇ ಹತ್ತಿರ: ‘ಬೀನೊ’ ಬಂದ, ‘ಬೆನೀಯಾ’ ಬರುತ್ತಿದ್ದ. ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ತೊಡಕಾಗುವುದು ‘ಇದ್ದ’. ಕನ್ನಡದ ಈ ಒಂದೇ ರೂಪಕ್ಕೆ ಅಲ್ಲಿ ಎರಡರಲ್ಲೊಂದನ್ನು ಆರಿಸಲೇಬೇಕು. ತಿಳಿವಿನ ಮಾತಿನಲ್ಲಿ ಮಾತ್ರ ಕನ್ನಡವೂ ಅಷ್ಟೇ ಕಟ್ಟುನಿಟ್ಟು: ‘ಸಬೀಯಾ’ ಎಂದರೆ ಗೊತ್ತಿತ್ತು, ‘ಸುಪೊ’ ಎಂದರೆ ಗೊತ್ತಾಯಿತು.