130 ದಾಟಿದರೆ ಎಫ್‌ಐಆರ್ ಅಂದರೆ, 129ರವರೆಗೆ ಓಡಿಸಬಹುದು ಅಂತಲೇ?

2024ರ ಜುಲೈನಲ್ಲಿ, ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಒಂದು ಎಚ್ಚರಿಕೆ ಕೊಟ್ಟರು. ಆಗಸ್ಟ್ 1ರಿಂದ ಕರ್ನಾಟಕದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ದಾಖಲಾಗುತ್ತದೆ ಎಂದು. ಇಂಥ ಸುದ್ದಿ ಒಂದೇ ಸಾಲಾಗಿ ಮೊಬೈಲಿನಿಂದ ಮೊಬೈಲಿಗೆ ದಾಟಿದಾಗ ಅದನ್ನು ಉಲ್ಟಾ ಓದಿಕೊಳ್ಳುವುದು ಬಹಳ ಸುಲಭ: "ಹಾಗಾದರೆ 120ಕ್ಕೆ ಹೋದರೆ ಏನೂ ಆಗಲ್ಲ."

ಅದು ತಪ್ಪು. 130 ಎಂಬುದು ವೇಗದ ಮಿತಿಯಲ್ಲ. ಅದನ್ನು ದಾಟಿದರೆ ಪೊಲೀಸರು ಬರೀ ದಂಡಕ್ಕೆ ನಿಲ್ಲಿಸದೆ, ಅಜಾಗರೂಕ ಚಾಲನೆಯ ಅಪರಾಧ ಎಂದು ನೋಡುತ್ತಾರೆ, ಅಷ್ಟೇ. ವೇಗದ ಮಿತಿ ಬೇರೆಯೇ ಇದೆ. ಕೇಂದ್ರ ಹೆದ್ದಾರಿ ಸಚಿವಾಲಯದ 2018ರ ಏಪ್ರಿಲ್ ಅಧಿಸೂಚನೆ ಕಾರಿಗೆ ಕೊಟ್ಟ ಗರಿಷ್ಠ ವೇಗ, ಡಿವೈಡರ್ ಇರುವ ಚತುಷ್ಪಥದಲ್ಲಿ 100, ಊರೊಳಗಿನ ರಸ್ತೆಯಲ್ಲಿ 70. ಬೈಕಿಗೆ ಇವೇ ಕಡೆ 80 ಮತ್ತು 60. ಬೋರ್ಡಿನಲ್ಲಿ ಇದಕ್ಕಿಂತ ಕಡಿಮೆ ಬರೆದಿದ್ದರೆ ಬೋರ್ಡಿನದ್ದೇ ಲೆಕ್ಕ. ಮಿತಿ ಮೀರಿದ ಕಾರಿಗೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ 1000ದಿಂದ 2000 ರೂಪಾಯಿವರೆಗೆ ದಂಡ ಇದೆ.

ದಂಡದ ಮಾತು ಹಾಗಿರಲಿ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 748 ತೆಗೆದುಕೊಳ್ಳಿ. ದೂರ ಸುಮಾರು 25 ಕಿ.ಮೀ. ಒಮ್ಮೆಯೂ ನಿಲ್ಲದೆ 80ರಲ್ಲಿ ಹೋದರೆ 19 ನಿಮಿಷಕ್ಕೆ ಒಂಚೂರು ಕಡಿಮೆ. 100ರಲ್ಲಿ ಹೋದರೆ 15 ನಿಮಿಷ. ಉಳಿತಾಯ ನಾಲ್ಕು ನಿಮಿಷವೂ ಇಲ್ಲ. ಪೀರನವಾಡಿಯ ಗದ್ದಲ, ಗಣೇಬೈಲ ಟೋಲ್‌ನ ಸಾಲು ಆ ಉಳಿತಾಯವನ್ನು ಅಲ್ಲೇ ತಿಂದುಬಿಡುತ್ತವೆ.

ಆ ನಾಲ್ಕು ನಿಮಿಷಕ್ಕೆ ನಾವು ಕೊಡುವ ಬೆಲೆ ಏನು? ಲೆಕ್ಕ ನಾವೇ ಮಾಡಿದ್ದೇವೆ, ಸೂತ್ರ ಮಾತ್ರ ಪಿಯುಸಿ ಫಿಸಿಕ್ಸ್‌ನದ್ದು. ಮುಂದೆ ಏನೋ ಅಡ್ಡ ಬಂತು ಎಂದು ಕಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದುಕೊಳ್ಳೋಣ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 80ರಲ್ಲಿದ್ದ ಕಾರು ಸುಮಾರು 69 ಮೀಟರ್‌ಗೆ ನಿಲ್ಲುತ್ತದೆ. 100ರಲ್ಲಿದ್ದ ಕಾರಿಗೆ 97 ಮೀಟರ್ ಬೇಕು. ಆದರೆ ನಮ್ಮನ್ನು ಬೆಚ್ಚಿಬೀಳಿಸಿದ್ದು ಇದಲ್ಲ. ಮೊದಲ ಕಾರು ಪೂರ್ತಿ ನಿಂತ ಅದೇ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 70 ಕಿ.ಮೀ.! ಮಚ್ಛೆ ಹತ್ತಿರ ವಿಟಿಯು ಕಡೆ ರಸ್ತೆ ದಾಟುತ್ತಿರುವ ಹುಡುಗಿ ಆ ಜಾಗದಲ್ಲಿ ಇದ್ದಳು ಎಂದುಕೊಳ್ಳಿ. ಒಂದು ಕಾರು ಅವಳ ಮುಂದೆ ನಿಲ್ಲುತ್ತದೆ, ಇನ್ನೊಂದು 70ರ ವೇಗದಲ್ಲಿ ಗುದ್ದುತ್ತದೆ. ಸ್ಪೀಡೋಮೀಟರ್‌ನಲ್ಲಿ ಇದ್ದ ವ್ಯತ್ಯಾಸ ಬರೀ 20.

ಖಾನಾಪುರದ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡುವುದೇ ಇಲ್ಲ. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿದರೆ 80ರ ಕಾರಿಗೂ ನಿಲ್ಲಲು ಸುಮಾರು 95 ಮೀಟರ್ ಬೇಕು. ಅಂದರೆ ಮಳೆಯಲ್ಲಿ 80, ಬಿಸಿಲಲ್ಲಿ 100 ಇದ್ದಂತೆ. ಮಳೆಗಾಲದಲ್ಲಿ 60 ಎಂದು ಮನಸ್ಸಿನಲ್ಲೇ ಬೋರ್ಡ್ ಬರೆದುಕೊಳ್ಳುವುದು ಒಳ್ಳೆಯದು.

ರಸ್ತೆಯ ಸೌಜನ್ಯವನ್ನು ಜನ ಒಳ್ಳೆಯತನ ಎಂದುಕೊಳ್ಳುತ್ತಾರೆ. ನಮ್ಮ ಪ್ರಕಾರ ಅದೂ ಇದೇ ಮೀಟರ್‌ಗಳ ಲೆಕ್ಕ. ಹಿಂದೆ ಅಂಟಿಕೊಂಡು ಡಿಪ್ಪರ್ ಹೊಡೆಯುವವನು ತಾನು ನಿಲ್ಲಲು ಬೇಕಾದ ಜಾಗವನ್ನು ತಾನೇ ಕಳೆದುಕೊಂಡಿರುತ್ತಾನೆ. ಮುಂದಿನ ಗಾಡಿ ದಾಟಿದ ಕಂಬವನ್ನು ನೋಡಿ ನಿಧಾನವಾಗಿ ಮೂರು ಎಣಿಸಿ. ಎಣಿಸಿ ಮುಗಿಸುವ ಮುಂಚೆ ನೀವು ಆ ಕಂಬ ಮುಟ್ಟಿದರೆ ತುಂಬಾ ಹತ್ತಿರ ಇದ್ದೀರಿ. ಕಬ್ಬಿನ ಸೀಸನ್ನಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ರಾತ್ರಿ ಎದುರಾದಾಗ ಈ ಮೂರು ಸೆಕೆಂಡಿನ ಬೆಲೆ ತಿಳಿಯುತ್ತದೆ, ಹಿಂದಿನ ಟ್ರೇಲರ್‌ಗೆ ಎಷ್ಟೋ ಸಲ ಕೆಂಪು ದೀಪವೇ ಇರುವುದಿಲ್ಲ. ನಿಮ್ಮನ್ನು ಯಾರೋ ಓವರ್‌ಟೇಕ್ ಮಾಡುತ್ತಿರುವಾಗ ಹಠಕ್ಕೆ ಬಿದ್ದು ಆಕ್ಸಲರೇಟರ್ ಒತ್ತುವುದೂ ನಿಯಮದ ಉಲ್ಲಂಘನೆ. ಗೋವಾ ಕಡೆ ಅನಮೋಡ ಘಾಟಿನಲ್ಲಿ ದಾರಿ ಕಿರಿದಾದರೆ, ಇಳಿಯುವವರು ಏರುವವರಿಗೆ ಬಿಡಬೇಕು.

ಇನ್ನೊಂದು ನಂಬಿಕೆ: ಸರ್ಕಲ್‌ನಲ್ಲಿ ನೇರ ಹೋಗುವಾಗ ನಾಲ್ಕೂ ಇಂಡಿಕೇಟರ್ ಹಾಕಬೇಕು ಎನ್ನುವುದು. ಬೇಡ. ಪಕ್ಕದಿಂದ ನೋಡುವವರಿಗೆ ಒಂದೇ ಕಡೆಯ ದೀಪ ಕಾಣುತ್ತದೆ, ನೀವು ಅವರ ಕಡೆಗೇ ತಿರುಗುತ್ತಿದ್ದೀರಿ ಎಂದುಕೊಳ್ಳುತ್ತಾರೆ. ನೇರ ಹೋಗಲು ಯಾವ ಇಂಡಿಕೇಟರೂ ಬೇಕಿಲ್ಲ. ಡಿಪ್ಪರ್‌ಗೂ ಒಂದೇ ಅರ್ಥ ಇಲ್ಲ. ಕೆಲವರು "ನೀವು ಬರ್ರಿ" ಎಂದು ಹೊಡೆದರೆ, ಕೆಲವರು "ನಾ ಬರಾಕತ್ತೀನಿ, ನಿಲ್ರಿ" ಎಂದು ಹೊಡೆಯುತ್ತಾರೆ. ಎದುರಿನ ಗಾಡಿ ನಿಜವಾಗಿ ನಿಧಾನವಾಯಿತೇ ಎಂದು ನೋಡಿಯೇ ಮುಂದೆ ಹೋಗಿ.

ಖಾನಾಪುರ ಕಡೆಯಿಂದ ಬೆಳಗಾವಿಯ ಆಸ್ಪತ್ರೆಗಳಿಗೆ ಬರುವ ಆಂಬುಲೆನ್ಸ್‌ಗಳಿಗೂ ಇದೇ ರಸ್ತೆ. ಅವಕ್ಕೆ ದಾರಿ ಬಿಡದಿದ್ದರೆ 194ಇ ಸೆಕ್ಷನ್ ಪ್ರಕಾರ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿ ಕಂಡರೆ 1033ಕ್ಕೆ, ಅಪಘಾತ ಕಂಡರೆ 112ಕ್ಕೆ ಫೋನ್ ಮಾಡಿ. ಮೊದಲು ಗಾಡಿಯನ್ನು ಎಡಕ್ಕೆ ತೆಗೆದು ನಿಲ್ಲಿಸಿ.