ಒಂದೇ ಸೂರು, ಒಂದೇ ಪಂಕ್ತಿ: ಓಕ್ ಪಾರ್ಕ್ ಹೈಸ್ಕೂಲಿನ ಚರಿತ್ರೆ

ಸಮಾರಾಧನೆಗೆ ಊರವರೆಲ್ಲರನ್ನೂ ಕರೆದು, ಒಂದೇ ಚಪ್ಪರದ ಕೆಳಗೆ ಎಲೆ ಹಾಕಿ, ಬಡಿಸುವಾಗ ಮಾತ್ರ ಒಬ್ಬರಿಗೆ ತುಪ್ಪವನ್ನೂ ಮತ್ತೊಬ್ಬರಿಗೆ ಬರಿಯ ತಿಳಿಸಾರನ್ನೂ ಬಡಿಸಿದರೆ ಅದು ಪಂಕ್ತಿಭೇದವೆಂಬ ದೋಷವಾಗುವುದೆಂದು ಹಿರಿಯರು ಹೇಳಿರುವರು. ಅನ್ನಕ್ಕೆ ಹೇಳಿದ ಈ ಮಾತು ವಿದ್ಯೆಗೂ ಸಲ್ಲತಕ್ಕದ್ದು. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯೊಂದು ಊರಿನ ಮಕ್ಕಳನ್ನೆಲ್ಲ ಒಂದೇ ಸೂರಿನಡಿಗೆ ತಂದ ಮಾತ್ರಕ್ಕೆ ಅವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದಂತಾಗುವುದೇ? ಈ ಪ್ರಶ್ನೆಯನ್ನು ವಿಚಾರಿಸುವವರಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಹೈಸ್ಕೂಲಿನ ಚರಿತ್ರೆಯು ಬಹಳ ಉಪಯುಕ್ತವಾದುದು. ಷಿಕಾಗೊ ನಗರದ ಪಶ್ಚಿಮಕ್ಕೆ ಸುಮಾರು 9 ಮೈಲಿ ದೂರದಲ್ಲಿ ಓಕ್ ಪಾರ್ಕ್ ಎಂಬ ಉಪನಗರವಿರುವುದು. ನೆರೆಯ ರಿವರ್ ಫಾರೆಸ್ಟ್ ಊರಿನ ಮಕ್ಕಳೂ ಅಲ್ಲಿಗೇ ಬರುವುದರಿಂದ ಶಾಲೆಗೆ ಎರಡು ಊರುಗಳ ಹೆಸರೂ ಸೇರಿವೆ.

ಮೊದಲು ಆ ದೇಶದಲ್ಲಿ ಹೈಸ್ಕೂಲು ಹುಟ್ಟಿದ ಬಗೆಯನ್ನು ತಿಳಿಯಬೇಕು. ಅಲ್ಲಿಯ ಮೊದಲನೆಯ ಸಾರ್ವಜನಿಕ ಹೈಸ್ಕೂಲು 1821ರಲ್ಲಿ ಬಾಸ್ಟನ್ ನಗರದಲ್ಲಿ ಸ್ಥಾಪಿತವಾಯಿತು. ಆದರೆ ಓದು ಬರಹ ಲೆಕ್ಕಗಳನ್ನು ಕಲಿಸುವ ಕೆಳಗಣ ಶಾಲೆಗೆ ತೆರಿಗೆ ಕೊಡಲು ಒಪ್ಪಿದ ಜನರಲ್ಲಿ ಹಲವರು, ಅದಕ್ಕೂ ಮೇಲಿನ ವಿದ್ಯೆಗೆ ತಾವೇಕೆ ತೆರಬೇಕೆಂದು ಕೇಳತೊಡಗಿದರು. ಮಿಷಿಗನ್ ಸಂಸ್ಥಾನದ ಕಲಮಝೂ ಎಂಬ ಊರಿನಲ್ಲಿ ಈ ವಿವಾದವು ನ್ಯಾಯಸ್ಥಾನದ ಮೆಟ್ಟಿಲೇರಿತು. 1874ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ಥಾಮಸ್ ಕೂಲಿಯವರು ತೀರ್ಪನ್ನು ಬರೆದರು. ಕೆಳಗೆ ಪ್ರಾಥಮಿಕ ಶಾಲೆಯೂ ಮೇಲೆ ವಿಶ್ವವಿದ್ಯಾನಿಲಯವೂ ಜನರ ಹಣದಿಂದಲೇ ನಡೆಯುತ್ತಿರಲು, ನಡುವಣ ಮೆಟ್ಟಿಲು ಮಾತ್ರ ಹಣವುಳ್ಳವರಿಗೆ ಮೀಸಲಾಗಬೇಕೆಂಬುದು ಸಂಸ್ಥಾನದ ನೀತಿಯಲ್ಲವೆಂಬುದು ಅದರ ಸಾರಾಂಶ. ಇತರ ಸಂಸ್ಥಾನಗಳೂ ಇದನ್ನೇ ಮೇಲ್ಪಂಕ್ತಿಯಾಗಿ ಹಿಡಿದವು. 1890ರಲ್ಲಿ ಹದಿನಾಲ್ಕರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ಹೈಸ್ಕೂಲು ಮಟ್ಟದ ಶಾಲೆಯಲ್ಲಿದ್ದವರು ನೂರಕ್ಕೆ 7ಕ್ಕೂ ಕಡಮೆ. 1930ರ ವೇಳೆಗೆ ಅರ್ಧಕ್ಕೂ ಮಿಕ್ಕರು. 1940ರಲ್ಲಿ ನೂರಕ್ಕೆ 70ನ್ನೂ ಮೀರಿದರು.

ಓಕ್ ಪಾರ್ಕಿನ ಬೆಳವಣಿಗೆಯು ಈ ಕಾಲಕ್ಕೇ ಸೇರಿದುದು. 1871ರ ಮಹಾಗ್ನಿಯಲ್ಲಿ ಷಿಕಾಗೊ ನಗರದ ದೊಡ್ಡದೊಂದು ಭಾಗವು ಬೆಂದುಹೋದಮೇಲೆ, ರೈಲಿನ ಅನುಕೂಲವಿದ್ದ ಈ ಊರಿಗೆ ಅನೇಕ ಕುಟುಂಬಗಳು ಬಂದು ನೆಲಸಿದವು. ವರ್ತಕರು, ವೈದ್ಯರು, ವಕೀಲರು ಮೊದಲಾದ ಅನುಕೂಲಸ್ಥರು ಹಗಲು ನಗರದಲ್ಲಿ ದುಡಿದು ಸಂಜೆ ಮರಗಳ ನೆರಳಿನ ಮನೆಗಳಿಗೆ ಹಿಂದಿರುಗುತ್ತಿದ್ದರು. 1870ರ ದಶಕದಲ್ಲಿ ಚಿಕ್ಕದಾಗಿ ಆರಂಭವಾದ ಹೈಸ್ಕೂಲು 1907ರಲ್ಲಿ ಈಗಿನ ಕಟ್ಟಡಕ್ಕೆ ಬಂದಿತು. ‘ಅತ್ಯುತ್ತಮವಾದುವು’ ಎಂಬರ್ಥದ ಗ್ರೀಕ್ ಮಾತೇ ಅದರ ಧ್ಯೇಯವಾಕ್ಯ.

ಆ ದಿನಗಳ ವಿದ್ಯಾರ್ಥಿಜೀವನವು ಎಂತಹುದೆಂಬುದಕ್ಕೆ ಒಬ್ಬ ಹುಡುಗನ ನಾಲ್ಕು ವರ್ಷಗಳೇ ಸಾಕ್ಷಿ. ಅದೇ ಊರಿನಲ್ಲಿ 1899ರಲ್ಲಿ ವೈದ್ಯರ ಮಗನಾಗಿ ಹುಟ್ಟಿದ ಅರ್ನೆಸ್ಟ್ ಹೆಮಿಂಗ್ವೇ 1913ರಿಂದ 1917ರ ವರೆಗೆ ಇಲ್ಲಿ ಓದಿದನು. ಲ್ಯಾಟಿನ್, ಗಣಿತ, ಇತಿಹಾಸಗಳ ಪಾಠವಾದಮೇಲೂ ಶಾಲೆಯು ಮುಗಿಯುತ್ತಿರಲಿಲ್ಲ. ಆತನು ಫುಟ್‌ಬಾಲ್ ಆಡಿದನು, ಈಜಿದನು, ವಾದ್ಯಮೇಳದಲ್ಲಿ ಚೆಲ್ಲೊ ನುಡಿಸಿದನು. ‘ಟ್ರಪೀಜ್’ ಎಂಬ ವಿದ್ಯಾರ್ಥಿಗಳ ವೃತ್ತಪತ್ರಿಕೆಗೆ ಆಟೋಟಗಳ ವರದಿಗಳನ್ನು ಬರೆದು, ‘ಟ್ಯಾಬ್ಯುಲ’ ಎಂಬ ಸಾಹಿತ್ಯಪತ್ರಿಕೆಯಲ್ಲಿ 1916ರಲ್ಲಿ ಮೂರು ಸಣ್ಣ ಕಥೆಗಳನ್ನು ಅಚ್ಚುಮಾಡಿಸಿದನು. ಫ್ಯಾನಿ ಬಿಗ್ಸ್, ಮಾರ್ಗರೆಟ್ ಡಿಕ್ಸನ್ ಎಂಬ ಇಂಗ್ಲಿಷ್ ಉಪಾಧ್ಯಾಯಿನಿಯರು ಈ ಬರವಣಿಗೆಗೆ ಪ್ರೋತ್ಸಾಹವಿತ್ತರು. ಕಾಲೇಜಿನ ಮುಖವನ್ನೇ ಕಾಣದೆ ಪತ್ರಿಕಾಲಯವನ್ನು ಸೇರಿದ ಈತನಿಗೆ 1954ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಅವನ ಲೇಖನಿಗೆ ಮೊದಲ ಗರಡಿಯಾದುದು ಊರವರ ತೆರಿಗೆಯಿಂದ ನಡೆದ ಶಾಲೆಯೆಂಬುದನ್ನು ಮರೆಯಬಾರದು.

ಆದರೆ ಅದೇ 1899ರಲ್ಲಿ, ದಕ್ಷಿಣದ ಅಲಬಾಮ ಸಂಸ್ಥಾನದ ಮಾಂಟ್‌ಗಮರಿಯಲ್ಲಿ, ಪರ್ಸಿ ಜೂಲಿಯನ್ ಎಂಬ ಮತ್ತೊಬ್ಬ ಬಾಲಕನು ಹುಟ್ಟಿದನು. ಆಫ್ರಿಕ ಮೂಲದ ಕಪ್ಪು ವರ್ಣದ ಕುಟುಂಬವದು. ದಾಸ್ಯದಲ್ಲಿದ್ದ ತಮ್ಮ ತಾತನು ಅಕ್ಷರ ಕಲಿತನೆಂಬ ಕಾರಣಕ್ಕೆ ಆತನ ಎರಡು ಬೆರಳುಗಳನ್ನು ಕತ್ತರಿಸಿದ್ದರೆಂದು ಜೂಲಿಯನ್ನರು ಹೇಳುತ್ತಿದ್ದರು. ಏಕಲವ್ಯನ ಕಥೆಯನ್ನು ಬಲ್ಲ ವಾಚಕರಿಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ. ಮಾಂಟ್‌ಗಮರಿಯಲ್ಲಿ ಆಗ ಕಪ್ಪು ಮಕ್ಕಳಿಗೆ ಸಾರ್ವಜನಿಕ ಹೈಸ್ಕೂಲೇ ಇರಲಿಲ್ಲ. ಆದುದರಿಂದ ಇಂಡಿಯಾನ ಸಂಸ್ಥಾನದ ಡಿಪಾ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಆ ತರುಣನು ಕಾಲೇಜಿನ ಪಾಠಗಳೊಡನೆ ಹೈಸ್ಕೂಲಿನ ಪಾಠಗಳನ್ನೂ ಕಲಿಯಬೇಕಾಯಿತು. ಹಾಗಿದ್ದರೂ 1920ರಲ್ಲಿ ತನ್ನ ತರಗತಿಗೇ ಮೊದಲಿಗನಾಗಿ ತೇರ್ಗಡೆಹೊಂದಿ, ಮುಂದೆ ವಿಯೆನ್ನಾದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1935ರಲ್ಲಿ ಕಣ್ಣಿನ ರೋಗಕ್ಕೆ ಔಷಧವಾದ ಫೈಸೊಸ್ಟಿಗ್ಮಿನ್ ದ್ರವ್ಯವನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿ ಕೀರ್ತಿಗೊಂಡನು.

ಈ ರಸಾಯನಶಾಸ್ತ್ರಜ್ಞರು 1950ರಲ್ಲಿ ಓಕ್ ಪಾರ್ಕಿನಲ್ಲಿಯೇ ಒಂದು ಮನೆಯನ್ನು ಕೊಂಡರು. ಅವರು ಬಂದು ನೆಲಸುವ ಮೊದಲೇ, ಆ ವರ್ಷದ ನವೆಂಬರಿನಲ್ಲಿ, ಮನೆಗೆ ಬೆಂಕಿಯಿಡುವ ಪ್ರಯತ್ನ ನಡೆಯಿತು. 1951ರ ಜೂನಿನಲ್ಲಿ ಮಕ್ಕಳು ಮನೆಯಲ್ಲಿರುವಾಗಲೇ ಡೈನಮೈಟ್ ಎಸೆಯಲಾಯಿತು. ಜೂಲಿಯನ್ನರು ಊರನ್ನು ಬಿಡಲಿಲ್ಲ. ಊರಿನ ಕೆಲವರು ಸಜ್ಜನರು ಅವರ ಬೆಂಬಲಕ್ಕೆ ನಿಂತರು. ಶಾಲೆಗೆ ಈ ವೃತ್ತಾಂತವು ಏಕೆ ಸಂಬಂಧಿಸಿತೆಂದರೆ, ಅಲ್ಲಿ ಹೈಸ್ಕೂಲಿನ ಬಾಗಿಲು ಊರಿನಲ್ಲಿ ವಾಸಿಸುವವರ ಮಕ್ಕಳಿಗೆ ತೆರೆದಿರುವುದು. ಮನೆ ಸಿಕ್ಕದವನಿಗೆ ಶಾಲೆಯೂ ಸಿಕ್ಕದು. ಯಾವ ಫಲಕವನ್ನೂ ತೂಗುಹಾಕದೆ, ಬಾಡಿಗೆ ಮತ್ತು ಕ್ರಯಪತ್ರಗಳ ಮೂಲಕವೇ ಉಪನಗರದ ಶಾಲೆಯು ಒಂದು ವರ್ಣದವರಿಗೆ ಮೀಸಲಾಗಿರುತ್ತಿದ್ದಿತು.

ಈ ಬೀಗವನ್ನು ತೆರೆದುದು ಶಾಸನ. 1968ರಲ್ಲಿ ಓಕ್ ಪಾರ್ಕಿನ ಪೌರಸಭೆಯು ಮನೆಗಳ ವಿಕ್ರಯ ಮತ್ತು ಬಾಡಿಗೆಯಲ್ಲಿ ವರ್ಣಭೇದವನ್ನು ನಿಷೇಧಿಸಿತು. ಆದರೆ ಹೊಸಬರು ಬಂದೊಡನೆ ಹಳಬರು ಗಾಬರಿಯಿಂದ ಮನೆ ಮಾರಿ ಓಡಿಹೋಗುವುದು ಅನೇಕ ಊರುಗಳ ಅನುಭವವಾಗಿದ್ದಿತು. ಅದನ್ನು ತಪ್ಪಿಸಿ ಎಲ್ಲರೂ ಎಲ್ಲ ಬೀದಿಗಳಲ್ಲಿ ಬೆರೆತು ವಾಸಿಸುವಂತೆ ಮಾಡಲು 1972ರಲ್ಲಿ ಅಲ್ಲಿ ವಸತಿಕೇಂದ್ರವೊಂದು ಹುಟ್ಟಿತು. ಹೀಗೆ ಎರಡು ವರ್ಣದ ಮಕ್ಕಳೂ ಒಂದೇ ಸೂರಿನಡಿಗೆ ಬಂದರು. ಈಗ ಆ ಹೈಸ್ಕೂಲಿನ ವಿದ್ಯಾರ್ಥಿಗಳು 3,000ಕ್ಕೂ ಮಿಕ್ಕಿರುವರು. ಊರಿನ ಒಂದು ಮಾಧ್ಯಮಿಕ ಶಾಲೆಗೆ ಜೂಲಿಯನ್ನರ ಹೆಸರೇ ಇರುವುದು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಸಂತೋಷವೇ. ಆದರೆ ಪಂಕ್ತಿಯ ಪ್ರಶ್ನೆ ಉಳಿದೇ ಇದ್ದಿತು. ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಂಟರು 1959ರಲ್ಲಿ ಹೈಸ್ಕೂಲುಗಳನ್ನು ಕುರಿತು ಬರೆದ ವರದಿಯಲ್ಲಿ, ಕಾಲೇಜಿಗೆ ಹೋಗುವವನೂ ಕಸುಬಿಗೆ ಇಳಿಯುವವನೂ ಒಂದೇ ದೊಡ್ಡ ಶಾಲೆಯಲ್ಲಿ ಬೆಳೆಯಬೇಕೆಂದರು. ಪಾಠಗಳಲ್ಲಿ ಮಾತ್ರ ವಿಷಯವಿಷಯಕ್ಕೂ ಶಕ್ತ್ಯನುಸಾರವಾಗಿ ಗುಂಪು ಮಾಡಬೇಕೆಂದೂ, ಎಲ್ಲರೂ ಬೆರೆತು ಕೂಡುವ ಒಂದು ಕೊಠಡಿಯು ಪ್ರತಿಯೊಬ್ಬನಿಗೂ ಇರಬೇಕೆಂದೂ ಅವರ ಸಲಹೆ. ಗುಂಪುಗಳು ಬೇರೂರಿದವು, ಬೆರೆಯುವ ಕೊಠಡಿಯು ಬಡವಾಯಿತು. ಓಕ್ ಪಾರ್ಕಿನಲ್ಲಿ ಗೌರವ ತರಗತಿಗಳೆಂಬ ಮೇಲಿನ ಪಾಠಗಳಲ್ಲಿ ಬಿಳಿಯ ಮಕ್ಕಳೇ ಹೆಚ್ಚಾಗಿಯೂ ಸಾಮಾನ್ಯ ತರಗತಿಗಳಲ್ಲಿ ಕಪ್ಪು ಮಕ್ಕಳು ಹೆಚ್ಚಾಗಿಯೂ ಕಾಣಬಂದರು. ಆಟದ ಬಯಲಿನಲ್ಲಿ ಒಂದಾದವರು ಗಂಟೆ ಬಾರಿಸಿದೊಡನೆ ಬೇರೆ ಬೇರೆ ಬಾಗಿಲುಗಳನ್ನು ಹೊಗುತ್ತಿದ್ದರು. ಆ ಊರಿನವರೇ ಆದ ಸ್ಟೀವ್ ಜೇಮ್ಸ್ ಎಂಬ ಚಿತ್ರನಿರ್ಮಾಪಕರು 2015-16ರ ಶಾಲಾವರ್ಷವನ್ನು ಪೂರ್ತಿಯಾಗಿ ಚಿತ್ರಿಸಿ, 2018ರಲ್ಲಿ ಹತ್ತು ಭಾಗಗಳಲ್ಲಿ ಲೋಕದ ಮುಂದಿಟ್ಟುದು ಈ ಸಂಗತಿಯನ್ನೇ. 2022ರಿಂದ ಮೊದಲ ವರ್ಷದ ಹಲವು ವಿಷಯಗಳಲ್ಲಿ ಆ ಭೇದವನ್ನು ತೆಗೆದು, ಎಲ್ಲರಿಗೂ ಮೇಲ್ಮಟ್ಟದ ಪಾಠವನ್ನೇ ಹೇಳುವ ಕ್ರಮವು ಅಲ್ಲಿ ಬಂದಿರುವುದು. ಚುರುಕಾದ ಮಕ್ಕಳಿಗೆ ಇದರಿಂದ ಅಡ್ಡಿಯಾದೀತೆಂದು ವಾದಿಸಿದವರೂ ಉಂಟು. ಆ ವಾದವನ್ನು ತಳ್ಳಿಹಾಕುವಂತಿಲ್ಲ.

ಶಿಷ್ಯರ ಗ್ರಹಣಶಕ್ತಿಯಲ್ಲಿ ತಾರತಮ್ಯವಿರುವುದು ನಿಜ. ಪಾಠ ಹೇಳಿದವರೆಲ್ಲರೂ ಅದನ್ನು ಬಲ್ಲರು. ಆದರೆ ಶಕ್ತಿಯನ್ನು ಪರೀಕ್ಷಿಸುವ ಮೊದಲೇ ಹುಟ್ಟಿನಿಂದಲೂ ಬೀದಿಯಿಂದಲೂ ಪಂಕ್ತಿಯನ್ನು ಗೊತ್ತುಮಾಡುವುದು ತಾರತಮ್ಯವಲ್ಲ, ಅನ್ಯಾಯ. 1899ರಲ್ಲಿ ಹುಟ್ಟಿದ ಆ ಇಬ್ಬರು ಬಾಲಕರಲ್ಲಿ ಒಬ್ಬನಿಗೆ ಊರೇ ಶಾಲೆಯನ್ನು ಕಟ್ಟಿಕೊಟ್ಟಿತು. ಇನ್ನೊಬ್ಬನು ಶಾಲೆಯಿಲ್ಲದೆಯೂ ಮೇಲೆದ್ದನು. ಹಾಗೆ ಏಳಲಾರದೆ ಹೋದವರ ಹೆಸರುಗಳು ಯಾವ ಚರಿತ್ರೆಯಲ್ಲಿಯೂ ಇಲ್ಲ. ಅವರಿಗಾಗಿಯೇ ಸಾರ್ವಜನಿಕ ಶಾಲೆಯು ಇರತಕ್ಕದ್ದು. ಕಟ್ಟಡವನ್ನು ಒಂದು ಸಲ ಕಟ್ಟಿದರೆ ಸಾಕು. ಪಂಕ್ತಿಯನ್ನು ಮಾತ್ರ ಪ್ರತಿವರ್ಷವೂ, ಪ್ರತಿ ತರಗತಿಯಲ್ಲಿಯೂ ಹೊಸದಾಗಿ ನೇರಮಾಡುತ್ತಿರಬೇಕು.