ಕಾವಲಿನಿಂದ ಕೋಳಿಮನೆಗೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಪ್ರಾಣಿಪಾಲನೆಯೂ ಔಷಧನಿರೋಧಕ ಬ್ಯಾಕ್ಟೀರಿಯಾಗಳೂ

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಕಡೂರು ಜಿಲ್ಲೆಯೆಂದು ಹೆಸರಾಗಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಲೆನಾಡು ಇಳಿದು ಬಯಲುಸೀಮೆಯೊಡನೆ ಕೂಡುವೆಡೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿವೆ. ಇವುಗಳಲ್ಲಿ ಅಜ್ಜಂಪುರವು ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೆ ಸೇರಿದ್ದಿತು. ಈ ಸೀಮೆಯ ಹೆಸರು ಕನ್ನಡನಾಡಿನ ಇತಿಹಾಸದಲ್ಲಿ ಅಮೃತಮಹಲ್ ದನಗಳೊಡನೆ ಹೆಣೆದುಕೊಂಡಿದೆ. ಇಂದು ಇದೇ ಸೀಮೆಯಲ್ಲಿ ತಗಡಿನ ಮಾಡು, ತಂತಿಬಲೆಯ ಗೋಡೆಗಳ ಕೋಳಿಮನೆಗಳು ಹೊಲ ತೋಟಗಳ ಅಂಚಿನಲ್ಲಿ ಕಾಣಬರುತ್ತವೆ. ಕಾವಲಿನ ದನಕ್ಕೂ ಕೋಳಿಮನೆಯ ಹಕ್ಕಿಗೂ ಮೇಲುನೋಟಕ್ಕೆ ಸಂಬಂಧವಿಲ್ಲ. ಆದರೆ ಪ್ರಾಣಿಗಳನ್ನು ರೋಗದಿಂದ ಕಾಯುವ ಬಗೆ ಹೇಗೆ ಬದಲಾಯಿತು, ಆ ಬದಲಾವಣೆಯಿಂದ ಮನುಷ್ಯನಿಗೆ ಒದಗಿದ ಅಪಾಯವೇನು ಎಂಬುದನ್ನು ವಿವೇಚಿಸುವವರಿಗೆ ಈ ಎರಡನ್ನೂ ಒಟ್ಟಿಗೆ ನೋಡುವುದು ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

೧

ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎಂಬ ಹೆಸರನ್ನು ಪಡೆಯಿತು. ಈ ಇಲಾಖೆಯ ಮಂದೆಗಳಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಭಾಗವಿದ್ದು, ಮಂದೆಗಳು ಋತುವಿಗನುಗುಣವಾಗಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿದ್ದುವು. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಮಂದೆಗಳನ್ನು ಮಾರಲಾಯಿತು. ತಪ್ಪಿನ ಅರಿವಾಗಿ ೧೮೬೬ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ೧೯೨೯ರಲ್ಲಿ ಸ್ಥಾಪಿತವಾಯಿತು.

ಈ ವ್ಯವಸ್ಥೆಯಲ್ಲಿ ರೋಗಕ್ಕೆ ಇದ್ದ ಮೊದಲ ತಡೆ ಅವಕಾಶ, ಎಂದರೆ ವಿಸ್ತಾರವಾದ ನೆಲ ಮತ್ತು ಚದುರಿದ ಮಂದೆ. ಅದೊಂದೇ ಸಾಕಾಗಿತ್ತೆಂದು ಹೇಳಲಾಗದು. ನಮ್ಮ ರೈತರು ದೊಡ್ಡರೋಗವೆಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಬಂದಾಗ ಕಾವಲೂ ರಕ್ಷೆಯಾಗಲಿಲ್ಲ. ಆ ಪಿಡುಗನ್ನು ಗೆದ್ದದ್ದು ಲಸಿಕೆ. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ೧೯೨೭ರ ಸುಮಾರಿಗೆ ಸಿದ್ಧಪಡಿಸಿದ ಲಸಿಕೆ, ೧೯೫೪ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯ ಇವುಗಳ ಫಲವಾಗಿ, ಕೊನೆಗೆ ೨೦೧೧ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಿತವಾಯಿತು. ಇಲ್ಲಿ ಗಮನಿಸಬೇಕಾದುದು ಒಂದಿದೆ: ಈ ಲಸಿಕೆಯನ್ನು ಹಾಕಿದವರು ಸರ್ಕಾರದ ನೌಕರರು, ಎಲ್ಲಿ, ಯಾವಾಗ, ಎಷ್ಟು ದನಗಳಿಗೆ ಎಂಬ ಲೆಕ್ಕವಿಡುವುದು ಅವರ ಕೆಲಸದ ಅಂಗವೇ ಆಗಿದ್ದಿತು.

೨

ಕೋಳಿಯ ಕಥೆ ಬೇರೆ. ಊರ ಹಿತ್ತಿಲಲ್ಲಿ ಕೆದರಿ ತಿನ್ನುವ ನಾಟಿಕೋಳಿಗೆ ಯಾರೂ ಇಲಾಖೆಯನ್ನು ಕಟ್ಟಲಿಲ್ಲ. ಕೊಕ್ಕರೆ ರೋಗ ಬಂದರೆ ಕೇರಿಯ ಕೋಳಿಗಳೆಲ್ಲ ಹೋಗುತ್ತಿದ್ದುವು. ಉಳಿದುವುಗಳಿಂದ ಮತ್ತೆ ಹಿಂಡು ಬೆಳೆಯುತ್ತಿತ್ತು. ೧೯೫೧ರ ಗಣತಿಯಲ್ಲಿ ದೇಶದ ಕೋಳಿ ಮೊದಲಾದ ಸಾಕುಹಕ್ಕಿಗಳ ಸಂಖ್ಯೆ ೭ ಕೋಟಿ ೩೫ ಲಕ್ಷ. ೨೦೧೯ರ ಗಣತಿಯಲ್ಲಿ ಅದು ೮೫ ಕೋಟಿ ೧೮ ಲಕ್ಷವಾಯಿತು. ಇದರಲ್ಲಿ ೫೩ ಕೋಟಿಗೂ ಮಿಕ್ಕಿದುವು ವಾಣಿಜ್ಯ ಫಾರಂಗಳವು. ಈ ಏರಿಕೆ ಹಿತ್ತಿಲಿನಿಂದ ಬಂದುದಲ್ಲ. ಸುಮಾರು ಆರು ವಾರಗಳಲ್ಲಿ ಎರಡು ಕಿಲೋಗ್ರಾಂ ತೂಗುವ ಬ್ರಾಯ್ಲರ್ ತಳಿ, ಅದಕ್ಕೆ ತಕ್ಕ ಸಿದ್ಧ ಆಹಾರ, ಒಂದೇ ಮಾಡಿನಡಿ ಸಾವಿರಾರು ಹಕ್ಕಿಗಳು ಇವುಗಳಿಂದ ಬಂದುದು. ಕಾವಲಿನಲ್ಲಿದ್ದ ಅವಕಾಶವೆಂಬ ರಕ್ಷೆ ಇಲ್ಲಿ ಇಲ್ಲವಾಯಿತು. ಅದರ ಸ್ಥಾನಕ್ಕೆ ಬಂದುದು ಆಂಟಿಬಯೋಟಿಕ್ ಎಂದು ರೂಢಿಯಲ್ಲಿರುವ ಪ್ರತಿಜೀವಕ ಔಷಧ.

ಆದರೆ ಪ್ರತಿಜೀವಕವು ಕೋಳಿಮನೆಯನ್ನು ಹೊಕ್ಕದ್ದು ಮದ್ದಾಗಿ ಅಷ್ಟೇ ಅಲ್ಲ, ಮೇವಾಗಿ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದ ಲೆಡರ್ಲೆ ಸಂಸ್ಥೆಯಲ್ಲಿ ಸಂಶೋಧನೆಯ ಮುಖ್ಯರಾಗಿದ್ದಾಗ, ಅಲ್ಲಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೋಮೈಸಿನ್ ಔಷಧವನ್ನು ಪಡೆದರು. ೧೯೪೮ರಲ್ಲಿ ಅದು ಪ್ರಕಟವಾಯಿತು. ಅದೇ ಸಂಸ್ಥೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಬಿ೧೨ ಜೀವಸತ್ವವನ್ನು ಅರಸುತ್ತ, ಔಷಧ ತೆಗೆದು ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಮರಿಗಳು ಜೀವಸತ್ವದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹೆಚ್ಚಾಗಿ ಬೆಳೆದುವು. ಗಸಿಯಲ್ಲಿ ಉಳಿದಿದ್ದ ಔಷಧದ ಅಲ್ಪಾಂಶವೇ ಅದಕ್ಕೆ ಕಾರಣವೆಂದು ತಿಳಿಯಿತು. ೧೯೫೧ರಲ್ಲಿ ಅಮೆರಿಕ ಸರ್ಕಾರ ಮೇವಿನಲ್ಲಿ ಪ್ರತಿಜೀವಕ ಬೆರೆಸಲು ಒಪ್ಪಿಗೆಯಿತ್ತಿತು. ರೋಗವಿಲ್ಲದ ಪ್ರಾಣಿಗೆ, ರೋಗ ವಾಸಿಯಾಗುವುದಕ್ಕೂ ಸಾಲದಷ್ಟು ಅಲ್ಪಪ್ರಮಾಣದಲ್ಲಿ, ದಿನವೂ ಔಷಧ ಕೊಡುವ ಪದ್ಧತಿ ಹೀಗೆ ಹುಟ್ಟಿ ದೇಶದೇಶಗಳಿಗೆ ಹಬ್ಬಿತು.

೩

ಅಲ್ಪಪ್ರಮಾಣದ ಅಪಾಯ ಆಗ ಯಾರಿಗೂ ತಿಳಿದಿರಲಿಲ್ಲವೆಂದು ವಾದಿಸುವಂತಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್, ೧೯೪೫ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಕೊಲ್ಲಲು ಸಾಲದಷ್ಟು ಔಷಧವನ್ನು ಕೊಟ್ಟರೆ ರೋಗಾಣುಗಳು ಅದನ್ನು ಎದುರಿಸಲು ಕಲಿಯುತ್ತವೆಂದು ಎಚ್ಚರಿಸಿದ್ದರು. ಕಲಿಯುವ ಬಗೆಯೂ ಇಂದು ವಿದಿತವಾಗಿದೆ. ಔಷಧಕ್ಕೆ ಸೋಲುವ ಬ್ಯಾಕ್ಟೀರಿಯಾಗಳು ಅಳಿದು, ಸೋಲದ ಕೆಲವು ಉಳಿದು, ಅವುಗಳ ಸಂತತಿಯೇ ಕರುಳನ್ನು ತುಂಬುತ್ತದೆ. ಅಷ್ಟೇ ಅಲ್ಲ, ನಿರೋಧಕ ಗುಣವನ್ನು ಒಂದು ಬ್ಯಾಕ್ಟೀರಿಯಾ ತನ್ನ ಸಂತತಿಗಲ್ಲದೆ ನೆರೆಯ ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸಬಲ್ಲದೆಂದು ಜಪಾನಿನ ವಿಜ್ಞಾನಿಗಳು ೧೯೫೯ರ ಹೊತ್ತಿಗೆ ತೋರಿಸಿದರು. ಹೀಗಾಗಿ ಕೋಳಿಗೆ ಏನೂ ತೊಂದರೆ ಕೊಡದ ಇ. ಕೋಲಿಯಿಂದ ಮನುಷ್ಯನಿಗೆ ರೋಗ ತರುವ ಸಾಲ್ಮೊನೆಲ್ಲಕ್ಕೆ ಈ ಗುಣ ಸಾಗುವುದು ಸಾಧ್ಯ.

ಕೋಳಿಯಿಂದ ಮನುಷ್ಯನಿಗೆ ಇದು ದಾಟುತ್ತದೆಯೆ ಎಂಬ ಪ್ರಶ್ನೆಗೆ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ೧೯೭೬ರಲ್ಲಿ ಉತ್ತರವನ್ನು ಪ್ರಕಟಿಸಿದರು. ಅಮೆರಿಕದ ಮ್ಯಾಸಚೂಸೆಟ್ಸಿನ ಒಂದು ಫಾರಂನಲ್ಲಿ ಕೋಳಿಗಳ ಮೇವಿಗೆ ಟೆಟ್ರಾಸೈಕ್ಲಿನ್ ಬಳಗದ ಔಷಧವನ್ನು ಬೆರೆಸಿದಾಗ, ಕೆಲವೇ ದಿನಗಳಲ್ಲಿ ಹಕ್ಕಿಗಳ ಕರುಳಿನ ಬ್ಯಾಕ್ಟೀರಿಯಾಗಳು ನಿರೋಧಕವಾದುವು. ಕೆಲವು ತಿಂಗಳುಗಳಲ್ಲಿ, ಆ ಔಷಧವನ್ನು ಮುಟ್ಟದಿದ್ದ ಮನೆಮಂದಿಯ ದೇಹದಲ್ಲಿಯೂ ಅಂತಹವು ಹೆಚ್ಚಿದುವು. ಬ್ರಿಟನ್ನಿನ ಸ್ವಾನ್ ಸಮಿತಿ ಇದಕ್ಕೂ ಮೊದಲೇ, ೧೯೬೯ರಲ್ಲಿ, ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಬೆಳವಣಿಗೆಗಾಗಿ ಮೇವಿನಲ್ಲಿ ಬಳಸಕೂಡದೆಂದು ಹೇಳಿತ್ತು. ಯೂರೋಪಿನ ಒಕ್ಕೂಟದಲ್ಲಿ ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದು ಪೂರ್ಣವಾಗಿ ನಿಂತದ್ದು ೨೦೦೬ರ ಜನವರಿಯಿಂದ. ಅರಿವಿಗೂ ಆಚರಣೆಗೂ ನಡುವೆ ಮೂವತ್ತೇಳು ವರ್ಷಗಳು ಸಂದುವು.

೪

ನಮ್ಮ ದೇಶದ ಚರಿತ್ರೆಯಲ್ಲಿ ಮೂರು ವರ್ಷಗಳನ್ನು ನೆನಪಿಡಬೇಕು. ೨೦೧೨ರಲ್ಲಿ ತಿದ್ದುಪಡಿಯಾದ ಔಷಧ ನಿಯಮದಂತೆ, ಪ್ರತ್ಯೇಕ ಅವಧಿಯನ್ನು ನಿಗದಿಮಾಡದ ಔಷಧವನ್ನು ಕೊಟ್ಟ ಮೇಲೆ ಕೋಳಿಯನ್ನು ಮಾಂಸಕ್ಕಾಗಿ ಬಳಸಲು ಕನಿಷ್ಠ ೨೮ ದಿನ ಕಾಯಬೇಕು. ಬ್ರಾಯ್ಲರ್ ಕೋಳಿಯ ಬಾಳೇ ಸುಮಾರು ೪೨ ದಿನವೆಂಬುದನ್ನು ನೆನೆದರೆ, ಈ ನಿಯಮವನ್ನು ಪಾಲಿಸುವುದೆಷ್ಟು ಕಷ್ಟ, ಮೀರುವುದೆಷ್ಟು ಸುಲಭ ಎಂಬುದು ಸ್ಪಷ್ಟಪಡುತ್ತದೆ. ೨೦೧೪ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದೆಹಲಿಯಲ್ಲಿಯೂ ಅದರ ಸುತ್ತಲೂ ಕೊಂಡ ೭೦ ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿ, ಶೇಕಡ ೪೦ರಲ್ಲಿ ಪ್ರತಿಜೀವಕಗಳ ಶೇಷವಿದ್ದುದನ್ನು ತೋರಿಸಿತು. ೨೦೧೯ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿಯೂ ಕೋಳಿಗಳಲ್ಲಿಯೂ ಮೇವಿನಲ್ಲಿಯೂ ನಿಷೇಧಿಸಿತು. ಬೇರೆ ಯಾವ ಔಷಧವೂ ನಾಟದ ರೋಗಿಗೆ ವೈದ್ಯರು ಕೊನೆಯದಾಗಿ ಕೊಡುವ ಮದ್ದು ಅದು. ಅದಕ್ಕೂ ಜಗ್ಗದ, ದಾಟಬಲ್ಲ ನಿರೋಧಕ ಗುಣ ಚೀನಾದಲ್ಲಿ ಪ್ರಾಣಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಕಂಡುಬಂದಿದೆಯೆಂದು ೨೦೧೫ರಲ್ಲಿ ವರದಿಯಾಗಿತ್ತು.

ಈ ಚರಿತ್ರೆ ತಾಲ್ಲೂಕಿನ ಮಟ್ಟಕ್ಕೆ ಇಳಿಯುವ ದಾರಿಗಳನ್ನು ಗುರುತಿಸುವುದು ಕಷ್ಟವಲ್ಲ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧ ಮೂರೂ ಕಂಪನಿಯವು. ಮನೆ, ನೀರು, ದುಡಿಮೆ ರೈತನವು. ಮೂಟೆಯಲ್ಲಿ ಬೆರೆತುದೇನೆಂಬುದು ಅದನ್ನು ಸುರಿಯುವವನಿಗೇ ತಿಳಿಯದಿರಬಹುದು. ಕೊಕ್ಕರೆ ರೋಗವು ವೈರಸ್ಸಿನಿಂದ ಬರುವುದು. ಅದಕ್ಕೆ ಲಸಿಕೆಯುಂಟು, ಪ್ರತಿಜೀವಕ ನಾಟದು. ಆದರೂ ಹಕ್ಕಿಗಳು ತೂಕಡಿಸಿದೊಡನೆ ನೀರಿಗೆ ಪ್ರತಿಜೀವಕ ಬೆರೆಸುವುದು ವ್ಯರ್ಥ ಮಾತ್ರವಲ್ಲ, ಹಾನಿಕರ. ಕೋಳಿಗೊಬ್ಬರ ತೋಟಕ್ಕೆ ಹೋಗುವಾಗ ಅದರೊಡನೆ ಬ್ಯಾಕ್ಟೀರಿಯಾಗಳೂ ಔಷಧದ ಶೇಷವೂ ಮಣ್ಣಿಗೂ ನೀರಿಗೂ ಸೇರುತ್ತವೆ. ಮಾಂಸದಂಗಡಿಯಲ್ಲಿ ಒಂದೇ ಕೊರಡು, ಒಂದೇ ಕತ್ತಿ, ಒಂದೇ ಬಾನಿಯ ನೀರು ಇರುವಲ್ಲಿ, ಒಂದು ಹಕ್ಕಿಯ ಕರುಳಿನಲ್ಲಿದ್ದುದು ಹತ್ತು ಹಕ್ಕಿಗಳ ಮಾಂಸಕ್ಕೆ ಹತ್ತುತ್ತದೆ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುವುದು ನಿಜ. ಆದರೆ ಹಸಿಮಾಂಸ ಮುಟ್ಟಿದ ಕೈ, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿ ಬೇಯುವುದಿಲ್ಲ.

೫

ಇದರಲ್ಲಿ ರೈತನನ್ನಾಗಲಿ ಅಂಗಡಿಯವನನ್ನಾಗಲಿ ದೂಷಿಸುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಅವರು ಬಳಸುವ ಪದ್ಧತಿ ಬೇರೆಡೆ ಹುಟ್ಟಿ, ಎಚ್ಚರಿಕೆಯ ಮಾತನ್ನು ಹಿಂದೆ ಬಿಟ್ಟು, ಸರಕಿನೊಡನೆ ಮಾತ್ರ ಇಲ್ಲಿಗೆ ಬಂದುದು. ಆದರೆ ಫಲ ಎಲ್ಲರದೂ ಆಗಿದೆ. ೨೦೧೯ ಒಂದೇ ವರ್ಷದಲ್ಲಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಸೋಂಕಿನಿಂದಲೇ ಜಗತ್ತಿನಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನ ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅದಕ್ಕೆ ಮನುಷ್ಯರ ಚಿಕಿತ್ಸೆಯಲ್ಲಿನ ದುರ್ಬಳಕೆಯೂ ದೊಡ್ಡ ಕಾರಣವೆಂಬುದನ್ನು ಮರೆಯಬಾರದು. ಕೋಳಿಮನೆ ಒಂದು ಕವಲು ಮಾತ್ರ.

ದೊಡ್ಡರೋಗವನ್ನು ಗೆದ್ದ ಕಾರ್ಯಕ್ಕೂ ಇಂದಿನ ಕೋಳಿಮನೆಗೂ ಇರುವ ಮುಖ್ಯ ಅಂತರ ಲಸಿಕೆ ಮತ್ತು ಪ್ರತಿಜೀವಕ ಎಂಬ ವಸ್ತುಭೇದವೊಂದೇ ಅಲ್ಲ. ಅಲ್ಲಿ ಪ್ರತಿಯೊಂದು ಹನಿಗೂ ಲೆಕ್ಕವಿತ್ತು; ಇಲ್ಲಿ ಮದ್ದು ಮೇವಿನೊಳಗೆ ಲೆಕ್ಕವಿಲ್ಲದೆ ಕರಗುತ್ತದೆ. ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಆಗಬೇಕಾದ ಮೊದಲ ಕೆಲಸ ದೊಡ್ಡದೇನಲ್ಲ. ಪ್ರತಿಯೊಂದು ಕೋಳಿಮನೆಯಲ್ಲಿಯೂ ಯಾವ ದಿನ, ಯಾವ ಮದ್ದು, ಎಷ್ಟು, ಯಾರ ಸಲಹೆಯಂತೆ, ಯಾವ ಕಾರಣಕ್ಕೆ ಎಂಬ ಐದು ಅಂಕಣಗಳ ಒಂದು ಪುಸ್ತಕ ಇರಬೇಕು. ಪಶುವೈದ್ಯರು ಅದನ್ನು ನೋಡಬೇಕು. ೧೮೬೦ರಲ್ಲಿ ಮಂದೆಯನ್ನು ಮಾರಿದವರಿಗೆ ಆರು ವರ್ಷಗಳಲ್ಲಿ ಅದನ್ನು ಮತ್ತೆ ಕೂಡಿಸಲು ಸಾಧ್ಯವಾಯಿತು. ಔಷಧದ ಶಕ್ತಿ ಕಳೆದುಹೋದರೆ ಅದನ್ನು ಅಷ್ಟು ಸುಲಭವಾಗಿ ಮರಳಿ ಪಡೆಯಲಾಗದು. ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಕೋಳಿಮನೆಗಳ ಬಳಿ ಇಂತಹ ಪುಸ್ತಕವನ್ನು ಆರಂಭಿಸಲು ನೆರವಾದರೆ, ಅದು ರೈತನಿಗೆ ಉಪಕಾರವಾಗುವುದಲ್ಲದೆ, ಮುಂದೆ ಈ ಚರಿತ್ರೆಯನ್ನು ಬರೆಯುವವರಿಗೂ ಆಧಾರವಾದೀತು.